ಕೂಸು, ಕೋಪರ, ಪಾಯ

ಈ ಭಾನುವಾರ ಯಾರ ನಡವೂ ಹಿಡಿಯದಿರಲಿ ದೇವರೇ ಎಂದು ಶಿವಕುಮಾರಿ ಡೈರಿಯಲ್ಲಿ ಬರೆದಳು. ಬರೆದ ಮೇಲೆ, ಇದೂ ಒಂದು ಬೇಡಿಕೆಯೇ ಎಂದು ತನಗೇ ನಾಚಿಕೆಯಾಗಿ ಡೈರಿ ಮುಚ್ಚಿದಳು. ಅವಳ ವಯಸ್ಸಿನ ಹುಡುಗಿಯರು ಒಳ್ಳೆಯ ನೌಕರಿ ಬೇಡುತ್ತಾರೆ, ಒಳ್ಳೆಯ ಗಂಡ ಬೇಡುತ್ತಾರೆ. ಇವಳಿಗೆ ಬೇಕಾದದ್ದು ಇಷ್ಟೇ: ಮುಂಬಯಿಯ ಮಲಾಡಿನ ಪೂರ್ವಕ್ಕೆ ಗುಡ್ಡ ಹತ್ತಿ ನಿಂತಿರುವ ಈ ಸಾಲುಮನೆಗಳ ಚಾಳಿನಲ್ಲಿ ಇನ್ನೊಂದಿಷ್ಟು ದಿನ ಎಲ್ಲರ ಬೆನ್ನೂ ನೆಟ್ಟಗಿರಬೇಕು. ಇಲ್ಲಿ ಯಾರಿಗೇ ನಡ ಹಿಡಿಯಲಿ, ಅವರು ಮೊದಲು ಬರುವುದು ಇವಳ ಬಾಗಿಲಿಗೆ. ಈಗ ನಡ ಹಿಡಿದಿದ್ದದ್ದು ಇವಳಿಗೇ.

ಶಿವಕುಮಾರಿ ಕಾಲು ಮುಂದಾಗಿ ಹುಟ್ಟಿದವಳು. ಅಂಥವರನ್ನು ಮರಾಠಿ ಮಂದಿ ಪಾಯಾಳು ಎನ್ನುತ್ತಾರೆ. ತಲೆಗಿಂತ ಮೊದಲು ಕಾಲನ್ನು ಭೂಮಿಗೆ ಕೊಟ್ಟವರು ಒದ್ದರೆ ಬೆನ್ನಿನ ಉಳುಕು ಬಿಟ್ಟು ಓಡುತ್ತದೆ ಎಂಬ ನಂಬಿಕೆ ಹುನಗುಂದದ ಕಡೆಯ ಅವರ ಹಳ್ಳಿಯಲ್ಲೂ ಇತ್ತು. ಸಂಸಾರದ ಜೊತೆ ರೈಲು ಹತ್ತಿ ಮುಂಬಯಿಗೂ ಬಂದಿತ್ತು. ಅದಕ್ಕೊಂದು ಕ್ರಮವಿದೆ. ಅದು ಭಾನುವಾರವೇ ಆಗಬೇಕು. ನಡ ಹಿಡಿದವರು ಬೋರಲು ಮಲಗಬೇಕು. ಎಡಗಾಲಿನಿಂದ ಮೂರು ಸಲ ಒದೆಯಬೇಕು. ಒದೆಯುವವಳು ಆ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಾಗಿನಿಂದ ತಿರುಗಿ ದಾಟಿ ಹೊರಗೆ ಹೋಗುವವರೆಗೂ ತುಟಿ ಬಿಚ್ಚಬಾರದು. ಬಿಚ್ಚಿದಳೋ, ಒದೆತ ಸುಳ್ಳಾಯಿತು.

ಈ ಕೊನೆಯ ಕಟ್ಟಳೆ ಶಿವಕುಮಾರಿಗೆ ಹೇಳಿ ಮಾಡಿಸಿದ ಹಾಗಿತ್ತು. ನಾಲ್ಕು ಜನ ಕೂತಲ್ಲಿ ಅವಳ ನಾಲಿಗೆ ಏಳುತ್ತಿರಲಿಲ್ಲ. ಬಿ.ಕಾಂ. ಮುಗಿಸಿ, ಸ್ಟೇಷನ್ನಿನ ಆಚೆಯ ಒಂದು ಆಫೀಸಿನಲ್ಲಿ ದಿನವಿಡೀ ಕೂತು ವಿಮೆಯ ಕಾಗದ ತಾಳೆ ನೋಡುವ ಕೆಲಸ ಹಿಡಿದಿದ್ದಳು. ಅಲ್ಲೂ ಅವಳ ದನಿ ಹೇಗಿದೆಯೆಂದು ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಆದರೆ ಭಾನುವಾರ ಯಾರದೋ ಒಂಟಿಕೋಣೆಯ ಖೋಲಿಯಲ್ಲಿ ಮೌನವಾಗಿ ಕಾಲೆತ್ತಿ ನಿಂತಾಗ ಅವಳು ಬೇಕಾದವಳು. ಆಗ ಯಾರೂ “ಯಾಕವ್ವಾ, ಬಾಯಾಗ ಬೆಲ್ಲ ಇಟ್ಟಿಯೇನ?” ಎಂದು ಕೇಳುತ್ತಿರಲಿಲ್ಲ.

“ಮಂದಿ ರೊಕ್ಕಾ ಕೊಟ್ಟ ಗುಳಿಗಿ ನುಂಗತಾರ, ನಾವು ಪುಕ್ಕಟೆ ಒದಿಸಿಕೊಂಡ ಬರತೀವಿ,” ಎಂದು ಸಾಲಿನ ಕೊನೆಯ ಖೋಲಿಯ ಇಂದ್ರಾಬಾಯಿ ನಲ್ಲಿಯ ಹತ್ತಿರ ಎಲ್ಲರಿಗೂ ಕೇಳುವಂತೆ ಹೇಳುವಳು. “ಬಿ.ಕಾಂ. ಪಾಸಾದ ಕಾಲು ನೋಡ್ರಿ ಇದು. ಸಾದಾ ಕಾಲಲ್ಲ.”

ಆ ನಲ್ಲಿಯ ಹತ್ತಿರವೇ ಅದು ಆದದ್ದು. ಮುಂಜಾನೆಯ ನೀರಿನ ಗದ್ದಲದಲ್ಲಿ ಶಿವಕುಮಾರಿ ತುಂಬಿದ ಹಂಡೆಗೆ ಮೊಣಕಾಲು ಮಡಚದೆ ಬಗ್ಗಿದಳು, ಎತ್ತಿದಳು, ಎತ್ತಿದ ಹಾಗೆಯೇ ಸೊಂಟ ತಿರುಗಿಸಿ ಹಿಂದೆ ನಿಂತಿದ್ದ ತಾಯಿ ದೇವಕ್ಕನ ಕೈಗೆ ಕೊಡಹೋದಳು. ನಡದೊಳಗೆ ಯಾರೋ ಬಿಗಿದ ತಂತಿ ಮೀಟಿದಂತಾಯಿತು. ಹಂಡೆ ಬೀಳಲಿಲ್ಲ. ಬಾಯಿಂದ ಒಂದು ಉಸಿರೂ ಬರಲಿಲ್ಲ. ಕಣ್ಣಲ್ಲಿ ಬಂದ ನೀರು ನಲ್ಲಿಯ ನೀರಿನೊಳಗೆ ಹೋಯಿತು.

ಯಾರಿಗೂ ಹೇಳಲಿಲ್ಲ. ಒದೆಯುವವಳಿಗೇ ನಡ ಹಿಡಿಯಿತೆಂದರೆ ಇಂದ್ರಾಬಾಯಿಗೆ ವರ್ಷವಿಡೀ ನಗಲು ಸಾಕು. ನಗೆಯನ್ನಾದರೂ ತಡೆದುಕೊಳ್ಳಬಹುದಿತ್ತು. ಚಿಕ್ಕಂದಿನಲ್ಲಿ ಅಜ್ಜಿ ಒಂದು ಮಾತು ಹೇಳಿದ್ದಳು: ಒದ್ದ ನೋವು ಎಲ್ಲಿಗೂ ಹೋಗುವುದಿಲ್ಲ ಮಗಳೇ, ಒದ್ದ ಕಾಲನ್ನೇ ಹಿಡಿದುಕೊಂಡು ಮೇಲಕ್ಕೆ ಹತ್ತುತ್ತದೆ. ಅಜ್ಜಿ ನಗುತ್ತ ಹೇಳಿದ್ದಳು. ಈಗ ಆ ನಗೆ ಮರೆತುಹೋಗಿ ಮಾತಷ್ಟೇ ಉಳಿದಿತ್ತು.

ಮುಚ್ಚಿಡುವುದನ್ನು ಮೈಯೇ ಕಲಿಯಿತು. ಮುಖ ತೊಳೆಯಲು ಬಗ್ಗುವಾಗ ಒಂದು ಕೈ ಕಟ್ಟೆಯ ಮೇಲೆ. ಕಸ ಗುಡಿಸುವಾಗ ಒಂದು ಮೊಣಕಾಲು ನೆಲಕ್ಕೆ. ಸಲ್ವಾರ್ ಹಾಕಿಕೊಳ್ಳುವಾಗ ಗೋಡೆಗೆ ಬೆನ್ನು. ಸೀನು ಬಂದರೆ ಮೊದಲು ಗೋಡೆ ಹಿಡಿ, ಆಮೇಲೆ ಸೀನು. ಚಪ್ಪಲಿಯ ಪಟ್ಟಿ ಕಟ್ಟಲು ಮೆಟ್ಟಿಲ ಮೇಲೆ ಕಾಲಿಟ್ಟು ಕಾಲನ್ನೇ ಕೈಯ ಹತ್ತಿರ ತಂದುಕೊಳ್ಳುವುದು. ಕೊಡ ಅರ್ಧ ತುಂಬಿಸಿ ಎರಡು ಸಲ ಹೋಗಿಬರುವುದು. ನಾಲ್ಕು ದಿನ ಹೀಗೆ ಕಳೆದ ಮೇಲೆ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕಾಲಿಟ್ಟುಕೊಂಡು ಚಪ್ಪಲಿ ಬಿಗಿಯುತ್ತಿದ್ದಾಗ ಅವಳ ಕೈ ಅಲ್ಲೇ ನಿಂತಿತು. ಈ ಮೆಟ್ಟಿಲ ಮೇಲೆ, ಇದೇ ರೀತಿ ಕಾಲಿಟ್ಟು, ಇದೇ ರೀತಿ ಕತ್ತು ಒಂದಿಷ್ಟು ಎಡಕ್ಕೆ ವಾಲಿಸಿ ಚಪ್ಪಲಿ ಹಾಕುತ್ತಿದ್ದವಳು ಒಬ್ಬಳಿದ್ದಳು. ಗೋಡೆ ಹಿಡಿದು ಸೀನುತ್ತಿದ್ದವಳೂ ಅವಳೇ. ಅರ್ಧ ಕೊಡದವಳೂ ಅವಳೇ.

ಪಕ್ಕದ ಖೋಲಿಯ ಹನುಮವ್ವ. ಹೋದ ಮಳೆಗಾಲದಲ್ಲಿ ಕಾಮಾಲೆಯಾಗಿ ತೀರಿಕೊಂಡವಳು.

ಹನುಮವ್ವನ ಖೋಲಿಗೂ ಇವರ ಖೋಲಿಗೂ ನಡುವೆ ಒಂದೇ ಗೋಡೆ, ಅದೂ ಮೇಲಿನ ತಗಡಿನವರೆಗೆ ಮುಟ್ಟದ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಕೆಮ್ಮು. ಎಷ್ಟೋ ವರ್ಷ ಶಿವಕುಮಾರಿಗೆ ಬೆಳಗಾಗುತ್ತಿದ್ದದ್ದು ಆ ಸಂದಿಯಿಂದ ಇಳಿದುಬರುವ ಹನುಮವ್ವನ ದನಿಯಿಂದ. ಹಾಸಿಗೆಯಿಂದ ಏಳುವಾಗ ಅವಳು ಮೂರು ಮಾತು ಆಡುತ್ತಿದ್ದಳು, ಒಂದೊಂದಕ್ಕೂ ನಡುವೆ ಒಂದು ಉಸಿರು ಬಿಟ್ಟು:

“ಕೂಸ... ಕೋಪರ... ಪಾಯ.”

ಹನುಮವ್ವನಿಗೆ ಒಂದು ಹೆಣ್ಣು ಕೂಸು ಹುಟ್ಟಿ ಸತ್ತಿತ್ತು; ಇದು ಎಲ್ಲರಿಗೂ ಗೊತ್ತು. ಅವಳ ಗಂಡ ಬಸವಂತಪ್ಪ ಹರೆಯದಲ್ಲಿ ಕೋಪರಖೈರಣೆಯಲ್ಲಿ ಬಿಲ್ಡಿಂಗುಗಳ ಪಾಯ ತೋಡುವ ಕೆಲಸಕ್ಕಿದ್ದ, ಇದೂ ಗೊತ್ತು. ಈ ಎರಡರ ನಡುವೆ ಉಳಿದ ಖಾಲಿಯನ್ನು ಚಾಳಿನ ಹೆಂಗಸರು ತಾವೇ ತುಂಬಿಕೊಂಡರು. ಆ ಕೂಸು ಕೋಪರಖೈರಣೆಯ ಯಾವುದೋ ಬಿಲ್ಡಿಂಗಿನ ಪಾಯದಲ್ಲಿದೆ. ಹೇಗೆ ಹೋಯಿತು, ಬಿತ್ತೋ, ಇನ್ನೇನಾಯಿತೋ, ಅದನ್ನು ಕೇಳಬಾರದು. ತಾಯಿ ದಿನಾ ಎದ್ದಕೂಡಲೇ ಅದನ್ನು ಕರೆಯುತ್ತಾಳೆ. ಮಕ್ಕಳಿಗೆ ಇದನ್ನು ಹೇಳಿ ಉಣ್ಣಿಸುತ್ತಿದ್ದರು. ಊಟ ಬಿಟ್ಟರೆ ಪಾಯದ ಕೂಸು ಬರುತ್ತದೆ. ಶಿವಕುಮಾರಿ ಇನ್ನೂ ಲಂಗದ ಹುಡುಗಿಯಾಗಿದ್ದಾಗ ಮಕ್ಕಳೆಲ್ಲ ಸೇರಿ ಅದನ್ನೊಂದು ಆಟ ಮಾಡಿಕೊಂಡಿದ್ದರು. ಒಬ್ಬರು ನೆಲಕ್ಕೆ ಮಲಗಿ, ನರಳುತ್ತ, ಆ ಮೂರು ಮಾತು ಹೇಳುತ್ತ ಏಳಬೇಕು. ಉಳಿದವರು ಕಿರುಚಿ ಓಡಬೇಕು. ಒಮ್ಮೆ ಶಿವಕುಮಾರಿಯ ಸರದಿಯಲ್ಲಿ ಹನುಮವ್ವ ಬಾಗಿಲಿಗೆ ಬಂದು ನಿಂತುಬಿಟ್ಟಳು. ಮಕ್ಕಳು ದಿಕ್ಕಾಪಾಲು. ಮಲಗಿದವಳಿಗೆ ಮಾತ್ರ ಏಳಲು ಬಲವಿಲ್ಲ. ಹನುಮವ್ವ ಬೈಯಲಿಲ್ಲ. “ಹಂಗಲ್ಲ ತಂಗಿ,” ಎಂದಳು. “ಮೊದಲ ಮಗ್ಗಲಾಗಬೇಕು, ಪೂರಾ. ಆಮ್ಯಾಲೆ ಮುಂದಿಂದು.” ಹುಡುಗಿಗೆ ಅದು ಕೂಸನ್ನು ಕರೆಯುವ ವಿದ್ಯೆಯನ್ನು ತನಗೆ ಒಪ್ಪಿಸಿದ ಹಾಗೆ ಕೇಳಿಸಿ ರಾತ್ರಿ ಜ್ವರ ಬಂದಿತ್ತು.

ಅದೇ ಹನುಮವ್ವ ಭಾನುವಾರಗಳಲ್ಲಿ ತಪ್ಪದೆ ಇವಳಿಂದ ಒದೆಸಿಕೊಳ್ಳುತ್ತಿದ್ದಳು. ಎದ್ದು ಕೂತು, ಸೆರಗು ಸರಿಮಾಡಿಕೊಂಡು, “ನಮ್ಮವ್ವನ ಕಾಲಾಗ ಏನೈತೋ ಏನೋ, ವಾರ ತನಕಾ ಅರಾಮ ಇರತೈತಿ,” ಎಂದು ಊರಿಗೆಲ್ಲ ಹೇಳುತ್ತಿದ್ದಳು. ಶಿವಕುಮಾರಿಯ ಕಾಲಿಗೆ ಹೆಸರು ಬಂದದ್ದೇ ಅವಳಿಂದ.

ಮೆಟ್ಟಿಲ ಮೇಲೆ ಕೈ ನಿಂತ ಮರುದಿನ ಬೆಳಿಗ್ಗೆ ದೇವಕ್ಕ ಆಗಲೇ ನಲ್ಲಿಗೆ ಹೋಗಿದ್ದಳು. ಅಪ್ಪ ಕಾಶಿನಾಥ ಪನವೇಲಿನ ಕಡೆಯ ಸೈಟಿನಲ್ಲೇ ಉಳಿಯುವವನಾದ್ದರಿಂದ ಖೋಲಿಯಲ್ಲಿ ಶಿವಕುಮಾರಿ ಒಬ್ಬಳೇ. ಏಳಬೇಕು, ನಡ ಒಪ್ಪುತ್ತಿಲ್ಲ. ನೆಟ್ಟಗೆ ಎದ್ದು ಕೂರಲು ಹೋದರೆ ಉಸಿರು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಅವಳು ಪೂರ್ತಿ ಮಗ್ಗಲಾದಳು, ಮೊಣಕೈ ಊರಿದಳು, ಕಾಲು ಮಡಚಿ ಒಳಗೆ ತಂದುಕೊಂಡಳು. ಮೈ ನೀರಿನಲ್ಲಿ ತೇಲಿದ ಹಾಗೆ ಮೇಲೆ ಬಂತು. ಎದ್ದು ಕೂತ ಮೇಲೆ, ಆ ಮೂರು ಮಾತನ್ನೂ ತಾನು ಬಾಯಿಬಿಟ್ಟು ಅಂದಿದ್ದೇನೆ ಎಂದು ಅವಳಿಗೆ ತಿಳಿಯಿತು. ಅಂದದ್ದೂ ತನ್ನ ದನಿಯಲ್ಲಲ್ಲ. ಆ ಎಳೆತ, ಆ ನಡುವಿನ ಉಸಿರು, ಎಲ್ಲ ಸತ್ತವಳದು.

ಗೋಡೆಯ ಆಚೆ ಬಸವಂತಪ್ಪನ ಬೆಳಗಿನ ಕೆಮ್ಮು ಕತ್ತರಿಸಿದಂತೆ ನಿಂತಿತು. ಎಷ್ಟು ಹೊತ್ತಾದರೂ ಮತ್ತೆ ಬರಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಅದೇ. ಬಾಯಿ ಮುಚ್ಚಿ ಏಳಲು ನೋಡಿದಳು. ನೋವು ಕಚ್ಚಿ ಹಿಡಿಯಿತು. ಆ ಮೂರು ಮಾತಿನ ಜೊತೆ ಎದ್ದರೆ ಮಾತ್ರ ಮೈ ಮೇಲೆ ಬರುತ್ತಿತ್ತು. ಮೆಲ್ಲಗೆ, ಯಾರಿಗೂ ಕೇಳದಂತೆ ಅನ್ನುತ್ತೇನೆ ಎಂದುಕೊಂಡಳು. ನನ್ನ ನೋವು ನನ್ನದಲ್ಲ, ಹನುಮವ್ವನದು ಹತ್ತಿದೆ. ಅವಳ ಮಾತಿಗೇ ಅದು ಕೇಳುತ್ತದೆ. ಮಾತಿನ ಹಿಂದೆ ಆ ಕೂಸು ಬರುತ್ತದೆಯೋ ಏನೋ. ಕನ್ನಡಿಯ ಮುಂದೆ ನಿಂತು ತಲೆ ಬಾಚುವಾಗ ಹಿಂದಿನ ಮೂಲೆಯನ್ನು ನೋಡದಿರುವುದನ್ನು ರೂಢಿ ಮಾಡಿಕೊಂಡಳು.

ಒಂದು ಸಂಜೆ ಆಫೀಸಿನಿಂದ ಬಂದಾಗ ದೇವಕ್ಕ ರೊಟ್ಟಿ ಬಡಿಯುತ್ತ ದನಿ ಇಳಿಸಿ ಹೇಳಿದಳು: “ಬಸವಂತಪ್ಪಗ ಹನುಮವ್ವನ ದನಿ ಕೇಳಸಾಕತ್ತೈತಂತ.”

ಶಿವಕುಮಾರಿ ಗೋಡೆಗೊರಗಿ ಕೂತಳು. “ಯಾವಾಗಬೇ?”

“ದಿನಾ ಮುಂಜಾನಿ. ನೀರ ಬರೂ ಹೊತ್ತಿಗಿ. ಅದ ಮೂರ ಮಾತಂತ. ಅತಗೋಂತ ಹೇಳಿದಾ ನನ್ನ ಮುಂದ. ಕರಿಯಾಕ ಬಂದಾಳ ಅಂತಾನ. ನಡಾನೂ ಹಿಡದೈತಿ ಅವಗ. ಎಡಗಾಲ ಎಳದ ನಡಿಯಾಕತ್ಯಾನ.” ರೊಟ್ಟಿ ತಿರುವಿಹಾಕಿ ಮಗಳ ಮುಖ ನೋಡಿದಳು. “ಭಾನುವಾರ ಹೋಗಿ ಒದ್ದ ಬಾ.”

ಅಂದರೆ ಅವಳು ನಿಜವಾಗಿ ಬರುತ್ತಿದ್ದಾಳೆ, ಎಂದುಕೊಂಡಳು ಶಿವಕುಮಾರಿ. ಆ ಕಡೆ ಗಂಡನನ್ನು ಕರೆಯಲು, ಈ ಕಡೆ ನನ್ನ ಮೈಯಲ್ಲಿ ಏಳಲು.

ಆಫೀಸಿನಲ್ಲಿ ಅವಳ ಪಕ್ಕದ ಕುರ್ಚಿ ಸಪ್ನಾಳದು. ಅವಳ ತಾಯಿ ತಂದೆ ಬೀದರಿನವರು. ಅವಳು ಹುಟ್ಟಿದ್ದು ಇಲ್ಲೇ, ಕನ್ನಡವನ್ನು ಕಲ್ಲು ದಾಟುವ ಹಾಗೆ ಎಡವುತ್ತ ಮಾತಾಡುವವಳು. ಶುಕ್ರವಾರ ಅವಳು ಕುರ್ಚಿ ತಿರುಗಿಸಿ ಕೂತಳು.

“ಶಿವಾ, ನೀನು ಬುಡ್ಢೀ ಹಂಗ ಯಾಕೆ ಉಠತಾ ಹೈ? ಕಮರ್ ನೋವಾ?”

ಮುದುಕಿಯ ಹಾಗೆ ಏಳುತ್ತಿಲ್ಲ, ಸೊಂಟ ನೋವೂ ಇಲ್ಲ ಎಂಬಂತೆ ಶಿವಕುಮಾರಿ ತಲೆಯಲ್ಲಾಡಿಸಿದಳು.

“ಝೂಟ್ ಹೇಳಬ್ಯಾಡ. ನಾನು ಏನು ಅಂಧಾ ಇದ್ದೀನಾ? ಕಲ್ ಹಾಫ್ ಡೇ. ನನ್ನ ಮಮ್ಮಿ ಹೋಗ್ತಾಳಲ್ಲ, ಆ ಸರ್ಕಾರಿ ಹಾಸ್ಪಿಟಲ್‌ಗೆ, ಫಿಜಿಯೋ. ನಾನು ಬರ್ತೀನಿ ಸಾಥ್. ನೀನು ಮಾತಾಡೋದು ಬ್ಯಾಡ, ನಾನೇ ಮಾತಾಡ್ತೀನಿ. ಬಸ್?”

ತನ್ನ ಬಾಯಿಂದ ಏನೂ ಹೇಳಬೇಕಾಗಿಲ್ಲ ಎಂಬ ಒಂದೇ ಕಾರಣಕ್ಕೆ ಶಿವಕುಮಾರಿ ಮರುದಿನ ಹೋದಳು.

ಉದ್ದನೆಯ ಹಾಲಿನಲ್ಲಿ ಸಾಲಾಗಿ ಹಲಗೆಯ ಮಂಚಗಳು. ಪರದೆ ಸರಿಸಿ ಬಂದ ಮೇಡಂ ವಯಸ್ಸಾದವಳು, ಸೀರೆಯ ಮೇಲೆ ಬಿಳಿ ಕೋಟು, ಅವಸರದ ಮರಾಠಿ. ಬಗ್ಗಿಸಿದಳು, ಕಾಲೆತ್ತಿಸಿದಳು, ಹೆಬ್ಬೆರಳನ್ನು ತನ್ನ ಕೈಗೆ ಎದುರಾಗಿ ಒತ್ತಿಸಿದಳು. ಮೂಳೆಗೆ ಏನೂ ಆಗಿಲ್ಲ, ಸ್ನಾಯು ಹಿಡಿದಿದೆ, ಸರಿಯಾಗಿ ಏಳುವುದು ಕೂರುವುದು ಕಲಿತರೆ ಕೆಲವು ವಾರದಲ್ಲಿ ಹೋಗುತ್ತದೆ ಎಂದಳು. ಆಮೇಲೆ ಮಂಚದ ಮೇಲೆ ಅಂಗಾತ ಮಲಗಿಸಿ, ಭುಜದ ಮೇಲೊಂದು ಕೈಯಿಟ್ಟು, ಒಂದನೇ ಕ್ಲಾಸಿನ ಮಗುವಿಗೆ ಬಾಯಿಪಾಠ ಹೇಳಿಕೊಡುವ ರಾಗದಲ್ಲಿ ಶುರುಮಾಡಿದಳು:

“ಕುಶೀವರ್ ವ್ಹಾ. ಕೋಪರಾವರ್ ಭಾರ್ ದ್ಯಾ. ಪಾಯ್ ಖಾಲೀ ಸೋಡಾ. ಲಕ್ಷಾತ್ ಠೇವಾಯಚಂ: ಕೂಸ್... ಕೋಪರ್... ಪಾಯ್.”

ಶಿವಕುಮಾರಿಗೆ ಮಂಚ ಕೆಳಗಿನಿಂದ ಸರಿದುಹೋದಂತಾಯಿತು.

ಮಗ್ಗಲು. ಮೊಣಕೈ. ಕಾಲು. ಇಷ್ಟೇ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಕಾಲೇಜಿನಲ್ಲಿ ದಿನಾ ಕಿವಿಗೆ ಬೀಳುವ ಮರಾಠಿ. ಬೇರೆ ಯಾರ ಬಾಯಿಂದ ಬಂದಿದ್ದರೂ ಅವಳಿಗೆ ತಟ್ಟನೆ ತಿಳಿಯುತ್ತಿತ್ತು. ಆದರೆ ಸಂತೆ ಲೆಕ್ಕಕ್ಕಾಗುವಷ್ಟೂ ಮರಾಠಿ ಬಾರದ ಹನುಮವ್ವ, ಮಗು ಕಳಕೊಂಡ ಹನುಮವ್ವ ಅಂದದ್ದನ್ನು ಚಾಳಿನ ಒಂದು ಕಿವಿಯೂ ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಕೇಳಿಸಿಕೊಂಡಿರಲಿಲ್ಲ. ಈ ಮೇಡಂ ಕನ್ನಡದವಳಾಗಿದ್ದರೆ ಕೋಪರಖೈರಣೆಯ ಯಾವ ಪಾಯದಲ್ಲೂ ಯಾವ ಕೂಸೂ ಮಲಗುತ್ತಿರಲಿಲ್ಲ.

ಅಷ್ಟರಲ್ಲಿ ಅವಳ ಮೈ ತಾನಾಗಿಯೇ ಮಗ್ಗಲಾಗಿ, ಮೊಣಕೈ ಊರಿ ಎದ್ದು ಕೂತಿತ್ತು. “ಅರೇ, ಹಿಲಾ ಯೇತಂಯ್ ಕೀ!” ಎಂದು ಮೇಡಂ ಸಪ್ನಾಳ ಕಡೆ ತಿರುಗಿದಳು. ಇವಳಿಗೆ ಆಗಲೇ ಬರುತ್ತದಲ್ಲ, ಯಾರು ಕಲಿಸಿದರು?

ಹನುಮವ್ವ ಇಲ್ಲಿಗೆ ಬಂದಿದ್ದಳು. ಇದೇ ಹಲಗೆಯ ಮೇಲೆ ಮಲಗಿದ್ದಳು. ಯಾರಿಗೂ ಹೇಳದೆ ಬಂದು, ಇಲ್ಲಿ ಕಲಿತು, ಭಾನುವಾರ ಬಂದು ಇವಳ ಕಾಲ ಕೆಳಗೂ ಮಲಗಿದ್ದಳು. ಎದ್ದು ಇವಳ ಕಾಲನ್ನೇ ಹೊಗಳಿದ್ದಳು. ಯಾಕೆ? ಮಾತು ಬಾರದ ಹುಡುಗಿಗೆ ಒಂದು ಬೆಲೆ ಇರಲಿ ಎಂದೋ? ವಾರಕ್ಕೊಮ್ಮೆ ಒಂದು ಮಗುವಿನ ಕಾಲು ಬೆನ್ನಿಗೆ ತಾಗಲಿ ಎಂದೋ? ಕೇಳೋಣವೆಂದರೆ ಅವಳಿಲ್ಲ. ಶಿವಕುಮಾರಿಗೆ ಭಯ ಕಳೆದು ಹಗುರವಾಗಬೇಕಿತ್ತು. ಆಗಲಿಲ್ಲ. ದೆವ್ವ ಹೋದ ಜಾಗದಲ್ಲಿ ಒಬ್ಬ ಹೆಂಗಸು ಬಂದು ಕೂತಿದ್ದಳು, ಅವಳನ್ನು ಓಡಿಸುವುದು ಇನ್ನೂ ಕಷ್ಟ.

ಹೊರಡುವ ಮೊದಲು ಮೇಡಂ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದಳು. ಪಾದಕ್ಕೆ ಜೋಮು ಹಿಡಿಯುತ್ತದೆಯೇ? ನಡೆಯುವಾಗ ಚಪ್ಪಲಿ ಕಳಚಿಬಿದ್ದರೂ ಗೊತ್ತಾಗದ ಹಾಗಾಗುತ್ತದೆಯೇ? ಕಾಲಿನ ಮುಂಭಾಗ ಎತ್ತಲು ಬಾರದೆ ಎಳೆಯುತ್ತದೆಯೇ? ಇಲ್ಲ, ಇಲ್ಲ ಎಂದು ತಲೆಯಾಡಿಸುತ್ತಿದ್ದವಳಿಗೆ ಹಿಂದಿನ ದಿನ ಮೆಟ್ಟಿಲ ನಡುವೆ ಒಂಟಿಯಾಗಿ ಬಿದ್ದಿದ್ದ ಬಸವಂತಪ್ಪನ ಚಪ್ಪಲಿ ಕಣ್ಣಮುಂದೆ ಬಂತು. ಅವನು ಒಂದೇ ಕಾಲಲ್ಲಿ ಚಪ್ಪಲಿ ಇಟ್ಟುಕೊಂಡು ಕೆಳಗಿನ ಅಂಗಡಿಯವರೆಗೂ ಹೋಗಿಬಂದಿದ್ದ.

“ಬ್ಯಾರೆಯವರಿಗಿ ಹಂಗ ಆಗಿದ್ದರ?” ಎಂದಳು. ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣದು. ಸಪ್ನಾ ಅದನ್ನು ದೊಡ್ಡದು ಮಾಡಿ ಕೇಳಿದಳು.

ಮೇಡಂ ಬರೆಯುವುದನ್ನು ನಿಲ್ಲಿಸಿದಳು. ಹಾಗಿದ್ದರೆ ನರ ಒತ್ತಿದೆ, ತಡ ಮಾಡದೆ ದೊಡ್ಡ ಡಾಕ್ಟರರ ಹತ್ತಿರ ಕರೆದುತರಬೇಕು. ತಡವಾದರೆ ಆ ಕಾಲು ಹೋದಂತೆಯೇ. ಎಣ್ಣೆ ತಿಕ್ಕುವವರು, ಬೆನ್ನು ತುಳಿಯುವವರು, ಯಾರನ್ನೂ ಹತ್ತಿರ ಬಿಡಬೇಡಿ ಎಂದಳು.

ಮನೆಗೆ ಬಂದವಳೇ ಶಿವಕುಮಾರಿ ಚಪ್ಪಲಿ ಬಿಡುವ ಮೊದಲೇ ಹೇಳಿದಳು: “ಯವ್ವಾ, ದೊಡ್ಡಪ್ಪನ್ನ ದವಾಖಾನಿಗಿ ಕರಕೊಂಡ ಹೋಗಬೇಕ.” ನೆರೆಯ ಮುದುಕನನ್ನು ಅವಳು ದೊಡ್ಡಪ್ಪ ಎಂದೇ ಕರೆಯುತ್ತಿದ್ದಳು.

“ನಾ ಹೇಳಿಲ್ಲೇನ? ಇಂದ್ರಾಬಾಯಿ ಹೇಳಿಲ್ಲೇನ? ಇದು ಡಾಕ್ಟರ ಜಡ್ಡಲ್ಲ, ಆಕಿದೈತಿ ಅಂತಾನ. ರಿಕ್ಷಾ ತಂದ ನಿಂದರಿಸಿದರ ಬಾಗಲಾ ಹಾಕ್ಕೊಂಡಾ. ನಿನ್ನ ಒದಿಕಿಗಿ ಅಷ್ಟ ಹೂಂ ಅಂದಾನ.”

“ಒದಿಬಾರದಂತಬೇ.”

“ಯಾರಂದರು?”

ಇಲ್ಲಿ ಶಿವಕುಮಾರಿಯ ನಾಲಿಗೆ ಎಂದಿನಂತೆ ಕೈಕೊಟ್ಟಿತು. ಯಾರಂದರು ಎಂದರೆ ದವಾಖಾನೆ ಬರುತ್ತದೆ. ದವಾಖಾನೆಗೆ ಯಾಕೆ ಹೋಗಿದ್ದೆ ಎಂದರೆ ನಡ ಬರುತ್ತದೆ. ಅಷ್ಟು ಉದ್ದದ ಮಾತು ಅವಳು ಯಾರ ಹತ್ತಿರವೂ ಆಡಿದವಳಲ್ಲ. “ಯಾರೋ ಆಫೀಸಿನ್ಯಾಗ,” ಎಂದಳು.

“ಆಫೀಸಿನವರು!” ಎಂದು ದೇವಕ್ಕ ಕೈಯ ಹಿಟ್ಟು ಕೊಡವಿದಳು. ಮಾತು ಅಲ್ಲಿಗೆ ಮುಗಿಯಿತು.

ಭಾನುವಾರ ಮಧ್ಯಾಹ್ನ. ತಗಡು ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಬಸವಂತಪ್ಪನ ಖೋಲಿಯಲ್ಲಿ ಹನುಮವ್ವ ಹೊಲಿದ ಕೌದಿಯ ಮೇಲೆ ಅವನು ಆಗಲೇ ಬೋರಲು ಮಲಗಿದ್ದ. ಎಡಗಾಲು ತನ್ನದಲ್ಲವೆಂಬಂತೆ ಹೊರಕ್ಕೆ ತಿರುಗಿ ಬಿದ್ದಿತ್ತು. ದೇವಕ್ಕ ಒಳಗೆ ಹೋಗಿ ಒಲೆಯ ಪಕ್ಕ ಕೂತಳು. ಇಂದ್ರಾಬಾಯಿ ಬಾಗಿಲಲ್ಲಿ ಚೌಕಟ್ಟಿಗೆ ಒರಗಿದಳು. ಶಿವಕುಮಾರಿ ಹೊಸ್ತಿಲ ಹೊರಗೆ ಒಂದು ಗಳಿಗೆ ನಿಂತಳು. ಹೇಳುವುದಿದ್ದರೆ ಇಲ್ಲೇ, ಈಗಲೇ. ಆದರೆ ಇಂದ್ರಾಬಾಯಿ, “ನಡಿಯವ್ವ, ಮುದುಕ ನೆಲಕ್ಕ ಹತ್ತಿ ಒಣಗಿದಾ,” ಎಂದು ಬೆನ್ನಮೇಲೆ ಕೈಯಿಟ್ಟು ಒಳಕ್ಕೆ ನೂಕಿದಳು. ಹೊಸ್ತಿಲು ದಾಟಿತು. ಬಾಯಿಗೆ ಬೀಗ ಬಿತ್ತು.

“ಬಾರವ್ವಾ ಡಾಕ್ಟರಬಾಯಿ,” ಎಂದ ಬಸವಂತಪ್ಪ, ಕೆನ್ನೆ ಕೌದಿಗೆ ಒತ್ತಿದ್ದರಿಂದ ಮಾತು ಅರ್ಧ ಬಟ್ಟೆಯೊಳಗೆ ಹೋಗುತ್ತಿತ್ತು. “ಫೀ ಎಷ್ಟ ತಗೋತಿ? ಮಾತಾಡಂಗಿಲ್ಲ. ಪುಕ್ಕಟೆ ಆತು ತಗೋ.”

ಇಂದ್ರಾಬಾಯಿ ನಕ್ಕಳು. ಬಸವಂತಪ್ಪ ನಗಲಿಲ್ಲ.

“ನೀ ಮಾತಾಡಂಗಿಲ್ಲ, ಅದಕ್ಕ ನಿನ್ನ ಮುಂದ ಹೇಳತೀನಿ. ಈ ಚಾಳಿನವರು ಏನೇನೋ ಹಬ್ಬಿಸ್ಯಾರ. ಪಾಯದಾಗ ಕೂಸು ಐತಂತ. ಪಾಯದಾಗ ಯಾರ ಹುಗೀತಾರಬೇ ಕೂಸಿನ್ನ? ಅದು ಹೋಗಿದ್ದು ಊರಾಗ. ಜ್ವರಾ ಬಂದ. ಆಕಿ ಒಬ್ಬಾಕೀನ ಇದ್ದಳು. ನಾ ಇಲ್ಲಿ ಕೋಪರಖೈರಣ್ಯಾಗ ಪಾಯ ತೋಡಾಕತ್ತಿದ್ದೆ. ಬಾ ಅಂತ ಸುದ್ದಿ ಬಂತು. ಕಾಂಕ್ರೀಟ ಹಾಕೂತನಾ ಬಿಡಂಗಿಲ್ಲ ಅಂದಾ ಮುಕಾದಮ. ನಾನೂ, ಸಣ್ಣ ಕೂಸು, ಜ್ವರಾ ಬರತಾವು ಹೋಗತಾವು ಅಂತ ಉಳದೆ.” ಕೌದಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. “ಆಕಿ ಇಲ್ಲಿಗಿ ಬಂದ ಮ್ಯಾಲ ಒಂದ ದಿನಾನೂ ಅದನ್ನ ಎತ್ತಿ ಆಡಲಿಲ್ಲ. ಆಡಿದ್ದರ ಛಲೋ ಇತ್ತು. ಆಮ್ಯಾಲ ನಡಾ ಹಿಡದ ಹಾಸಿಗಿ ಹಿಡದಳಲ್ಲ, ಅಂದಿನಿಂದ ಮುಂಜಾನಿ ಏಳೂದ ತಡಾ ಮೂರ ಮಾತು. ಕೂಸು. ಕೋಪರ. ಪಾಯ. ಇನ್ನೇನ ಹೇಳಬೇಕವ್ವಾ? ಪೂರಾ ಲೆಕ್ಕ ಅದರಾಗ ಬಂತಲ್ಲ. ನಾ ಗ್ವಾಡಿ ಕಡೆ ಮಾರಿ ಮಾಡಿ ಮಲಗತಿದ್ದೆ. ಒಂದ ದಿನಾನೂ, ಹೌದ ಹನುಮಿ, ತಪ್ಪಾತು, ಅನ್ನಲಿಲ್ಲ.”

ಬಾಗಿಲಲ್ಲಿ ಇಂದ್ರಾಬಾಯಿ ಒರಗುವುದನ್ನು ಬಿಟ್ಟು ನೆಟ್ಟಗೆ ನಿಂತಿದ್ದಳು. ದೇವಕ್ಕ ಸೆರಗು ಬಾಯಿಗೆ ಹಿಡಿದಿದ್ದಳು.

“ಸತ್ತ ಮ್ಯಾಲಾದರೂ ಸುಮ್ಮನಾದಳು ಅಂದುಕೊಂಡಿದ್ದೆ. ಈಗ ಮತ್ತ ಸುರು ಆಗೈತಿ. ಮೊದಲಿನ್ಹಂಗ ಅಲ್ಲ, ದನಿ ಸಣ್ಣದಾಗೈತಿ. ಸತ್ತವರ ದನಿ ಸಣ್ಣದ ಇರತೈತೇನೋ. ಮ್ಯಾಲಿಂದ ಇಳದ ಬರತೈತಿ, ತಗಡಿನ ಬುಡಕ. ನಾನೂ ಮಲಕೊಂಡಲ್ಲೇ, ಬಂದ್ನಿ ತಡಿ, ಬಂದ್ನಿ, ಅಂತೀನಿ. ಡಾಕ್ಟರ ಇದಕ್ಕ ಏನ ಮಾಡತಾನ? ಕಾಲ ಆಕಿನ ಜಗ್ಗಾಕತ್ಯಾಳ. ನೀ ಒದ್ದರ ಎರಡ ದಿನಾ ನಿಂದರೂವಷ್ಟ ಬಲಾ ಬಂದರ ಸಾ‌ಕು, ಊರಿಗಿ ಹೋಗಿ ಕೂಸಿನ್ನ ಹುಗದ ಕುಣಿ ಮುಂದ ಕುಂದರತೀನಿ. ಆಮ್ಯಾಲ ಜಗ್ಗಿಕೊಂಡ ಹೋಗಲಿ. ಒದಿಯವ್ವಾ.”

ತಗಡಿನ ಬುಡಕ್ಕೆ, ಗೋಡೆ ಮುಟ್ಟದೆ ಬಿಟ್ಟ ಆ ಸಂದಿಗೆ ಶಿವಕುಮಾರಿಯ ಕಣ್ಣು ಹೋಯಿತು. ಅದರ ಆಚೆ ಅವಳದೇ ಹಾಸಿಗೆ. ನೀರು ಬರುವ ಹೊತ್ತು. ಸಣ್ಣ ದನಿ.

ಹುಟ್ಟಿದಾಗಿನಿಂದ ಯಾರೂ ಕಿವಿಗೊಡದಿದ್ದ ದನಿ ಅದು. ಜೀವಮಾನದಲ್ಲಿ ಒಮ್ಮೆ ಗೋಡೆ ದಾಟಿ ಒಬ್ಬರ ಕಿವಿಗೆ ಮುಟ್ಟಿತ್ತು, ಅದೂ ಸತ್ತವಳದಾಗಿ. ಆ ದನಿಗೆ ಒಬ್ಬ ಮನುಷ್ಯ ದಿನಾ ಬೆಳಿಗ್ಗೆ ಬಂದೆ, ಬಂದೆ ಎಂದು ಉತ್ತರ ಕೊಡುತ್ತಿದ್ದ. ಅದಕ್ಕಾಗಿ ಕಾಲು ಬಿಟ್ಟುಕೊಡಲು ತಯಾರಾಗಿ ನೆಲಕ್ಕೆ ಬಿದ್ದಿದ್ದ.

“ಒದಿ ಶಿವಿ,” ಎಂದು ದೇವಕ್ಕ ಪಿಸುಗುಟ್ಟಿದಳು.

ಅಭ್ಯಾಸ ಬಲದಿಂದ ಎಡಗಾಲು ಮೇಲೆದ್ದಿತು. ಎದ್ದೊಡನೆ ಮೈಭಾರವೆಲ್ಲ ಬಲಕ್ಕೆ ಬಿದ್ದು ನಡದೊಳಗಿನ ತಂತಿ ಮತ್ತೆ ಮೀಟಿತು. ಕಣ್ಣು ಕತ್ತಲಾಗಿ ಅವಳು ಗೋಡೆ ಹಿಡಿದುಕೊಂಡಳು. ಕಾಲು ಮುದುಕನ ಬೆನ್ನ ಮೇಲೆ ಗಾಳಿಯಲ್ಲಿ ನಿಂತಿತು. ಅಂಗಿ ಸರಿದ ಕಡೆ ಬೆನ್ನಹುರಿಯ ಗಂಟುಗಳು ಒಂದೊಂದಾಗಿ ಕಾಣುತ್ತಿದ್ದವು. ಅವನು ಒದೆತಕ್ಕೆ ಮೈ ಬಿಗಿಹಿಡಿದು ಕಾಯುತ್ತಿದ್ದ. ಆ ಪಾದದಲ್ಲಿ ಏನೂ ಇಲ್ಲ, ಎಂದೂ ಇರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದು ಗೊತ್ತಿದ್ದ ಇನ್ನೊಬ್ಬಳು ಸತ್ತುಹೋಗಿದ್ದಳು.

ಕಾಲು ಕೆಳಗಿಟ್ಟಳು. ಗೋಡೆ ಹಿಡಿದೇ ಒಂದು ಮೊಣಕಾಲು ಊರಿದಳು, ಇನ್ನೊಂದು ಊರಿದಳು, ಬೆನ್ನು ಬಾಗಿಸದೆ ಮೆಲ್ಲಗೆ ಅವನ ತಲೆಯ ಹತ್ತಿರ ಕೂತಳು. ದೇವಕ್ಕ ಅದನ್ನು ನೋಡಿದಳು. ಆ ಕೂರುವ ರೀತಿಯನ್ನು ಗುರುತಿಸಿ ಅವಳ ಮುಖ ಬಿಳಿಚಿಕೊಂಡಿತು. ಇಂದ್ರಾಬಾಯಿ, “ಅಯ್ಯ ಶಿವನೇ, ಹನುಮವ್ವ,” ಎಂದು ಎರಡು ಹೆಜ್ಜೆ ಹಿಂದೆ ಸರಿದಳು.

ಬಸವಂತಪ್ಪ ಕತ್ತು ತಿರುಗಿಸಿದ. ಅವನ ಕಣ್ಣು ಅಷ್ಟು ಹತ್ತಿರದಲ್ಲಿತ್ತು.

“ದೊಡ್ಡಪ್ಪಾ,” ಎಂದಳು ಶಿವಕುಮಾರಿ. ದೇವಕ್ಕ “ಮಾತಾಡಬ್ಯಾಡ!” ಎಂದು ಕೂಗಿದ್ದು ಕೇಳಿಸಿತು, ಕೇಳಿಸಿದರೂ ನಿಲ್ಲಿಸಲಿಲ್ಲ. “ಮುಂಜಾನಿ ಹಂಗ ಅಂದಕೋಂತ ಏಳಾಕಿ ನಾನು. ನನ್ನ ನಡಾ ಹಿಡದೈತಿ.”